ಭಾವನ ತಗಡಿನ ರೈಲು

ನನ್ನ ಭಾವನ ಬಗ್ಗೆ ನಾನು ಒಳ್ಳೆಯ ಮಾತಾಡುತ್ತೇನೆಂದು ಯಾರೂ ಕಾಯಬೇಡಿ. ಅಕ್ಕನ ಗಂಡ, ಸರಿ. ಕುಡಿಯುವುದಿಲ್ಲ, ಬೈಯುವುದಿಲ್ಲ, ಅಕ್ಕನ ಜೊತೆ ಒಂದು ದಿನವೂ ಏರುದನಿಯಲ್ಲಿ ಮಾತಾಡಿದವನಲ್ಲ, ಅದೂ ಸರಿ. ಆದರೂ ಅವನನ್ನು ಕಂಡರೆ ನನ್ನ ಹೊಟ್ಟೆಯಲ್ಲಿ ಯಾರೋ ಗರಗಸ ಆಡಿಸಿದ ಹಾಗಾಗುತ್ತಿತ್ತು. ಕೆಟ್ಟವನ ಮೇಲೆ ಹೊಟ್ಟೆಕಿಚ್ಚು ಪಡುವುದು ಸುಲಭ, ಬೈದು ಹಗುರಾಗಬಹುದು. ಒಳ್ಳೆಯವನನ್ನು ಬೈಯಲು ಒಂದು ನೆವವಾದರೂ ಬೇಡವೇ? ಎದುರಿಗೆ ‘ನೀವು’ ಅನ್ನುತ್ತಿದ್ದೆ, ಬೆನ್ನ ಹಿಂದೆ ‘ಅವನು’. ಇಲ್ಲಿಯೂ ಹಾಗೆಯೇ ಹೇಳುತ್ತೇನೆ.

ಅವನದು ಸೈಕಲ್ ರಿಪೇರಿ ಅಂಗಡಿ. ಬೀದಿಯಲ್ಲಿ ಅವನಿಗೆ ‘ಗಾಲಿ’ ಎಂದೇ ಹೆಸರು. ಅಂಗಡಿಯ ಸೂರಿನಿಂದ ಟೈರುಗಳು ತೂಗುತ್ತಿರುತ್ತವೆ, ಬಾಗಿಲಲ್ಲೇ ಪಂಕ್ಚರ್ ನೋಡುವ ನೀರಿನ ಬಾನಿ, ಅದರ ಪಕ್ಕದಲ್ಲಿ ಒಂದು ಕಾಲು ಕುಂಟುವ ಸ್ಟೂಲು. ಆ ಸ್ಟೂಲನ್ನು ನಾನು ಸರಿ ಮಾಡಿಕೊಡುತ್ತೇನೆಂದು ಎಷ್ಟು ಸಲ ಹೇಳಿದರೂ, “ಇರ್ಲಿ ಬಿಡು ಮೇಸ್ತ್ರಿ, ನನಗೆ ಒಗ್ಗಿದೆ” ಎಂದು ನಗುತ್ತಾನೆ. ಉಗುರಿನ ಸಂದಿಯಲ್ಲಿ ಗ್ರೀಸು, ತುಟಿಯಲ್ಲಿ ಯಾವುದೋ ಅರ್ಧ ಶಿಳ್ಳೆ. ಅವನಿಗೆ ಒಂದು ಚಟ ಇದೆ. ಹಿಂದೆ ಕೆಂಪು ಬಿಲ್ಲೆ ಇಲ್ಲದ ಯಾವ ಗಾಡಿಯನ್ನೂ ಅಂಗಡಿಯಿಂದ ಆಚೆ ಬಿಡುವುದಿಲ್ಲ. ಬೆಳಕು ಬಿದ್ದರೆ ಹೊಳೆಯುತ್ತದಲ್ಲ, ಆ ಬಿಲ್ಲೆ. ಹಾಲಿನವನ ಸೈಕಲ್ಲಿಗೆ, ತರಕಾರಿಯವಳ ತಳ್ಳುಗಾಡಿಗೆ, ಮಗುವಿನ ಮೂರು ಗಾಲಿಯ ಆಟಿಕೆಗೆ ಕೂಡ ಒಂದೊಂದು.

“ನಿಮ್ಮ ಬೆನ್ನಿಗೂ ಒಂದು ಅಂಟಿಸ್ಕೊಳ್ಳಿ ಭಾವ,” ಎಂದು ನಾನೊಮ್ಮೆ ಚುಚ್ಚಿದೆ.

“ಬೆನ್ನ ಹಿಂದೆ ನಿಮ್ಮಕ್ಕ ಇದಾಳಲ್ಲಪ್ಪ. ಅವಳ ಕಣ್ಣು ಅದಕ್ಕಿಂತ ಕೆಂಪು,” ಅಂದ. ಅಲ್ಲೇ ಕೂತಿದ್ದ ಅಕ್ಕ ಸ್ಪ್ಯಾನರ್ ಎತ್ತಿ ಹೊಡೆಯುವ ಹಾಗೆ ಮಾಡಿದಳು. ಇಬ್ಬರೂ ನಕ್ಕರು. ನಾನು ಚುಚ್ಚಿದ್ದು ಎಲ್ಲಿ ಹೋಯಿತೋ ದೇವರೇ ಬಲ್ಲ.

ನಾನು ಬಡಗಿ. ನಮ್ಮ ಮನೆ, ಅಕ್ಕನ ಮನೆ ಅಕ್ಕಪಕ್ಕ, ನಡುವೆ ಹಿತ್ತಿಲಿಗೆಲ್ಲ ಒಂದೇ ಗೋಡೆ, ಎದೆಮಟ್ಟದ್ದು. ನನ್ನ ಮನೆಯಲ್ಲಿ ಕೆಳಗೆ ಕೆಲಸದ ಜಾಗ, ಅದರ ಹಿಂದೆ ಹಿತ್ತಿಲಿಗೆ ಬಾಗಿಲಿರುವ, ಹಲಗೆ ಪೇರಿಸಿಡುವ ಮರದ ಕೋಣೆ, ಮೇಲೆ ನಾವಿರುವುದು. ಅಮ್ಮ ನನ್ನ ಜೊತೆಗಿದ್ದಳು. ಮಗನ ಜೊತೆ ಇದ್ದಾಳೆ ಎಂದು ಹೇಳಿಕೊಳ್ಳುವುದಕ್ಕೆ ನನಗೆ ಬಲು ಜಂಬ.

ಅಮ್ಮ ರೈಲ್ವೆ ಗೇಟು ಕಾಯುತ್ತಿದ್ದವಳು. ಅಪ್ಪ ಸತ್ತ ಮೇಲೆ ಅವನ ಕೆಲಸ, ಅವನ ನೀಲಿ ಕೋಟು, ಹಳಿಯ ಪಕ್ಕದ ಒಂಟಿ ಕೋಣೆಯ ಮನೆ, ಮೂರೂ ಅವಳ ಪಾಲಿಗೆ ಬಂದವು. ಅಕ್ಕನೂ ನಾನೂ ಬೆಳೆದದ್ದು ಅಲ್ಲಿಯೇ. ನಿಜ ಹೇಳಬೇಕೆಂದರೆ ನನ್ನ ಮೊದಲ ಹೊಟ್ಟೆಕಿಚ್ಚು ಭಾವನ ಮೇಲಲ್ಲ, ರೈಲಿನ ಮೇಲೆ. ಒಲೆಯ ಮೇಲೆ ಹಾಲು ಉಕ್ಕುತ್ತಿರಲಿ, ನಾನು ಬಿದ್ದು ಮಂಡಿ ತರಚಿಕೊಂಡಿರಲಿ, ಗಂಟೆ ಹೊಡೆಯಿತೆಂದರೆ ಅವಳು ಎಲ್ಲ ಬಿಟ್ಟು ಓಡುತ್ತಿದ್ದಳು. ಗೇಟು ಇಳಿಸಿ, ಹಸಿರು ಬಾವುಟ ಎತ್ತಿ ನೆಟ್ಟಗೆ ನಿಲ್ಲುತ್ತಿದ್ದಳು. ನಾನು ಕೋಟಿನ ಚುಂಗು ಹಿಡಿದು ಎಷ್ಟು ರಂಪ ಮಾಡಿದರೂ ಕಣ್ಣು ನನ್ನ ಕಡೆ ಹೊರಳುತ್ತಿರಲಿಲ್ಲ. ಅಕ್ಕ ರೈಲು ನೋಡುತ್ತಿದ್ದಳು, ನಾನು ಅಮ್ಮನ ಮುಖ ನೋಡುತ್ತಿದ್ದೆ. ಗಾಡಿ ಪೂರ್ತಿ ಹೋದ ಮೇಲೆಯೇ ಅವಳ ಭುಜ ಇಳಿಯುತ್ತಿದ್ದದ್ದು. ಆಮೇಲೆ ತಲೆ ಬಗ್ಗಿಸಿ, ಮೊಣಕಾಲ ಹತ್ತಿರ ನಿಂತ ನನ್ನನ್ನು ಆಗ ತಾನೇ ಕಂಡವಳ ಹಾಗೆ ನೋಡಿ, “ಹಸೀತೇನೋ?” ಅನ್ನುತ್ತಿದ್ದಳು. ಆ ಒಂದು ಮಾತಿಗೆ ನನ್ನ ಅಳು ಬಾಯಿ ಮುಚ್ಚುತ್ತಿತ್ತು.

ಈಗ ಭಾವನ ರೈಲಿಗೆ ಬರುತ್ತೇನೆ. ಅಂಗಡಿಯಲ್ಲಿ ಗಾಲಿಗಳಿಂದ ಕಿತ್ತ ಹಳೆಯ ಕಡ್ಡಿಗಳು ರಾಶಿ ಬಿದ್ದಿದ್ದವು. ಎಸೆಯಲು ಅವನಿಗೆ ಮನಸ್ಸು ಬಾರದು, ಅವನ ಜಾತಕವೇ ಅಂಥದ್ದು. ಆ ಕಡ್ಡಿಗಳನ್ನು ನೇರ ಮಾಡಿ, ಮರದ ತುಂಡುಗಳ ಮೇಲೆ ಎರಡೆರಡಾಗಿ ಕೂರಿಸಿ, ತನ್ನ ಹಿತ್ತಿಲಿನ ಟೊಮ್ಯಾಟೊ ಗಿಡಗಳ ಸುತ್ತ ಹಳಿ ಹಾಕಿದ. ಎಣ್ಣೆಯ ಡಬ್ಬಿಗಳೇ ಬೋಗಿಗಳು. ಎಂಜಿನ್ನಿನ ಒಳಗೆ ಯಾವುದೋ ಕೆಟ್ಟ ಫ್ಯಾನಿನ ಮೋಟಾರು, ಬ್ಯಾಟರಿ. ಎಂಥ ಅವಲಕ್ಷಣ ಅಂತೀರಿ! ಡಬ್ಬಿಗಳ ಮೇಲೆ ಎಣ್ಣೆ ಕಂಪನಿಯ ಬಣ್ಣ ಕೂಡ ಹಾಗೇ ಇತ್ತು. ಓಡುವಾಗ ಪಾತ್ರೆ ತೊಳೆಯುವ ಸದ್ದು ಮಾಡುತ್ತಿತ್ತು.

ಅದು ಮೊದಲ ಸಲ ಓಡಿದ ಮಧ್ಯಾಹ್ನ ಅಮ್ಮ ಅಲ್ಲಿದ್ದಳು. ನಾನು ಗೋಡೆಯ ಈಚೆ ಒಂದು ಬಾಗಿಲಿಗೆ ರಂದ ಹೊಡೆಯುತ್ತಿದ್ದೆ. ತಗಡಿನ ಸದ್ದು ಕೇಳಿದ್ದೇ ತಡ, ಅಮ್ಮ ಕುರ್ಚಿಯಿಂದೆದ್ದು ನೆಟ್ಟಗೆ ನಿಂತು ಬಲಗೈ ಎತ್ತಿದಳು. ಕೈಯಲ್ಲಿ ಬಾವುಟವಿಲ್ಲ, ಬೆರಳು ಮಾತ್ರ ಅದನ್ನು ಹಿಡಿದ ಹಾಗೆಯೇ ಮಡಚಿತ್ತು. ಅಕ್ಕ ನಕ್ಕಳು, ನಾನೂ ನಕ್ಕೆ. ರೈಲು ಗಡಗಡ ಎಂದು ದಾಟಿ ಹೋಯಿತು. ಅಮ್ಮ ಕೈ ಇಳಿಸಿದಳು, ಭುಜ ಇಳಿಯಿತು. ತಿರುಗಿ ಭಾವನನ್ನು ನೋಡಿ, “ಹಸೀತೇನಪ್ಪ?” ಅಂದಳು.

ನನ್ನ ಕೈಯ ರಂದ ನಿಂತಿತು. ಅದು ನನ್ನ ಮಾತು! ಅಷ್ಟು ವರ್ಷ ಕೋಟಿನ ಚುಂಗು ಹಿಡಿದು ಅತ್ತು ಸಂಪಾದಿಸಿದ ಮಾತನ್ನು ಈ ಗ್ರೀಸು ಕೈಯವನು ನಾಲ್ಕು ಎಣ್ಣೆ ಡಬ್ಬಿ ಓಡಿಸಿ ಹೊಡೆದುಕೊಂಡುಬಿಟ್ಟನಲ್ಲ! ಆ ಸಂಜೆ ನನಗೆ ಊಟ ಸೇರಲಿಲ್ಲ.

“ಹೊಟ್ಟೆಯಲ್ಲಿ ಜಾಗ ಎಲ್ಲಿದೆ? ಕಿಚ್ಚೇ ತುಂಬಿದೆ,” ಎಂದಳು ನನ್ನ ಹೆಂಡತಿ. ಅವಳ ನಾಲಗೆ ನನ್ನ ಉಳಿಗಿಂತ ಹರಿತ.

ಮಾರನೆಯ ದಿನವೇ ನಾನು ಹಿತ್ತಿಲಿಗಿಳಿದೆ. ತಗಡಿನವನೇ ಮಾಡಿದ ಮೇಲೆ ಬಡಗಿ ಸುಮ್ಮನಿರುವುದೇ? ಗಟ್ಟಿ ಮರದ ಪಟ್ಟಿಯ ಮೇಲೆ ಹಿತ್ತಾಳೆ ಹೊಡೆದು ಹಳಿ ಮಾಡಿದೆ. ಸೇತುವೆ, ಸುರಂಗ, ಹೆಂಚಿನ ಮಾಡಿನ ನಿಲ್ದಾಣ, ನಿಲ್ದಾಣದಲ್ಲಿ ಹೆಬ್ಬೆರಳುದ್ದದ ಬೆಂಚು. ಎಂಜಿನ್ನಿಗೆ ಹೊಸ ಮೋಟಾರು, ಬೋಗಿಗಳಿಗೆ ತೇಗ. ಕಿಟಕಿಗೆ ಗಾಜು, ಬಾಗಿಲಿಗೆ ತಿರುಗಣೆ, ಒಂದು ಮೊಳೆಯೂ ಕಾಣದ ಹಾಗೆ ಜೋಡಣೆ. ಪಾಲಿಶ್ ಎಷ್ಟು ಎಳೆದೆನೆಂದರೆ ಬೋಗಿಯ ಬೆನ್ನಲ್ಲಿ ಮುಖ ನೋಡಿ ಗಡ್ಡ ಹೆರೆಯಬಹುದಿತ್ತು. ಗಿರಾಕಿಗಳ ಮಂಚ, ಮೇಜು ಎಲ್ಲ ಗೋಡೆಗೊರಗಿ ಕಾಯುತ್ತಿದ್ದವು.

ಭಾವ ಗೋಡೆಯ ಮೇಲೆ ಮೊಣಕೈ ಊರಿ ನೋಡಿದ. “ಅಬ್ಬಾ! ಇದು ರೈಲಪ್ಪ. ನಂದು ಡಬ್ಬ,” ಅಂದ. ಮನಸಾರೆ ಅಂದ, ಅದೇ ನನಗೆ ಇನ್ನಷ್ಟು ಉರಿಸಿತು. ಆಮೇಲೆ ಜೇಬಿನಿಂದ ಬಟನ್ನಿನಷ್ಟು ಚಿಕ್ಕ ಕೆಂಪು ಬಿಲ್ಲೆ ತೆಗೆದು ಚಾಚಿದ. “ಇದನ್ನ ಹಿಂದಕ್ಕೆ ಹಾಕು. ಗಾಡಿ ಅಂದ್ಮೇಲೆ ಹಿಂದೆ ಕೆಂಪು ಇರ್ಬೇಕು.”

ನನ್ನ ತೇಗದ ಮೇಲೆ ಪ್ಲಾಸ್ಟಿಕ್ಕು! “ಆಯ್ತು ಭಾವ,” ಎಂದು ನಕ್ಕು ತೆಗೆದುಕೊಂಡು, ಅವನು ಆ ಕಡೆ ತಿರುಗಿದ ಕೂಡಲೇ ಮೊಳೆಯ ಡಬ್ಬಿಗೆ ಎಸೆದೆ.

ಅಮ್ಮನನ್ನು ಕೈಹಿಡಿದು ಮೆಟ್ಟಿಲಿಳಿಸಿ ತಂದು, ದಿಂಬು ಹಾಕಿದ ಕುರ್ಚಿಯಲ್ಲಿ ಕೂರಿಸಿದೆ. ರೈಲು ಗೋಡೆಯ ಕಡೆಯಿಂದ ಹೊರಟು, ಅವಳ ಮುಂದೆ ಹಾದು, ಮರದ ಕೋಣೆಯ ಕಡೆಗೆ ಹೋಗುವ ಹಾಗೆ ಹಳಿ. ಅಮ್ಮ ಎದ್ದಳು, ಕೈ ಎತ್ತಿದಳು. ಬೆಣ್ಣೆಯಿಂದ ಕೂದಲೆಳೆದ ಹಾಗೆ ಸದ್ದಿಲ್ಲದೆ ರೈಲು ದಾಟಿತು. ಅಮ್ಮ ಕೈ ಇಳಿಸಲಿಲ್ಲ. ರೈಲು ಹೋದ ಕಡೆಗೂ ನೋಡಲಿಲ್ಲ. ಅದು ಬಂದ ಕಡೆಗೆ, ಅಂದರೆ ಗೋಡೆಯ ಕಡೆಗೆ, ಅಂದರೆ ಭಾವನ ಹಿತ್ತಿಲ ಕಡೆಗೆ ಕತ್ತು ತಿರುಗಿಸಿ ನಿಂತೇ ಇದ್ದಳು.

“ಹೇಗಿದೆಯಮ್ಮ?” ಅಂದೆ.

“ಚೆನ್ನಾಗಿದೆ ಕಣೋ,” ಅಂದಳು. ಕಣ್ಣು ಮಾತ್ರ ಆ ಕಡೆಯೇ.

ಹಿತ್ತಲ ಗಿಡ ಮದ್ದಲ್ಲ ಅನ್ನುತ್ತಾರೆ. ನನ್ನ ಪಾಲಿಗೆ ಪಕ್ಕದ ಹಿತ್ತಲಿನದು ಮದ್ದು, ನನ್ನ ಹಿತ್ತಲಿನದು ಕಸ. ಮಗ ಕಟ್ಟಿದ್ದು ಎದುರಿಗಿದ್ದರೂ ಅಳಿಯನ ತಗಡೇ ಬೇಕು ಇವಳಿಗೆ, ಅಂದುಕೊಂಡೆ. ಆ ವಾರವೇ ಗೋಡೆಯುದ್ದಕ್ಕೂ ಹಲಗೆ ನಿಲ್ಲಿಸಿ ಭಾವನ ಹಿತ್ತಿಲು ಕಾಣದ ಹಾಗೆ ಮಾಡಿದೆ. ಅಮ್ಮ ಹಲಗೆಯನ್ನೇ ನೋಡುತ್ತ ನಿಂತಳು!

ಬೋಗಿ ಸಾಲದೇನೋ ಎಂದು ಮತ್ತೊಂದು ಸೇರಿಸಿದೆ, ಆಮೇಲೆ ಮಗದೊಂದು. ಬೋಗಿ ಹೆಚ್ಚಿದರೆ ಹಳಿ ಉದ್ದವಾಗಬೇಕು. ಬಟ್ಟೆ ಒಣಹಾಕುವ ತಂತಿಯ ಕೆಳಗೆ ಒಂದು ಸುತ್ತು, ನಲ್ಲಿಯ ಕಟ್ಟೆಯ ಹಿಂದೆ ಒಂದು ಸುತ್ತು, ಹೆಂಡತಿಯ ಸೊಪ್ಪಿನ ಮಡಿಯ ನಡುವೆಯೇ ಒಂದು ಕವಲು.

“ಏನ್ರೀ, ಇನ್ನು ಅಡುಗೆ ಮನೆಗೂ ಹಳಿ ಬರುತ್ತೋ? ಹೇಳಿ, ಟಿಕೆಟ್ ತಗೊಂಡೇ ಒಳಗೆ ಹೋಗ್ತೀನಿ,” ಎಂದಳು ಅವಳು. ನಾನು ಹಳಿಗೆ ಹಿತ್ತಾಳೆ ಹೊಡೆಯುತ್ತಲೇ ಇದ್ದೆ. ಆಗ ಸ್ವಲ್ಪ ದನಿ ತಗ್ಗಿಸಿ, “ಅತ್ತೆಗೆ ಮೆಟ್ಟಿಲು ಹತ್ತಿ ಇಳಿಯೋಕೆ ಆಗ್ತಿಲ್ಲ. ಮರದ ಕೋಣೆ ಖಾಲಿ ಮಾಡಿಕೊಡಿ, ಕೆಳಗೇ ಇರ್ತಾರೆ,” ಎಂದಳು.

“ಬೋಗಿಗಳನ್ನ ಎಲ್ಲಿಡ್ಲಿ? ಮಳೆ ಬಂದ್ರೆ?” ಅಂದೆ. ಅವಳು ನನ್ನನ್ನು ಒಂದು ಥರ ನೋಡಿ ಒಳಗೆ ಹೋದಳು.

ಬೋಗಿಗಳು ಹೆಚ್ಚಿದಷ್ಟೂ ಅಮ್ಮ ನಿಲ್ಲುವುದು ಹೆಚ್ಚಿತು. ಭಾವನ ಕಡೆ ಹೋದರೆ ರೈಲು ದಾಟಿದ ಕೂಡಲೇ ಕೂರುತ್ತಿದ್ದಳು, ಹಾಗೇ ತೂಕಡಿಸುತ್ತಿದ್ದಳು ಕೂಡ. ನನ್ನ ಹಿತ್ತಿಲಲ್ಲಿ ಶಿಕ್ಷೆಗೆ ನಿಲ್ಲಿಸಿದ ಹಾಗೆ ನಿಲ್ಲುತ್ತಿದ್ದಳು. “ಕೂತ್ಕೋಮ್ಮ” ಅಂದರೆ, “ಇರು” ಅನ್ನುತ್ತಿದ್ದಳು. ಮಂಡಿ ಊದಿಕೊಂಡಿತು. ಎಣ್ಣೆ ತಿಕ್ಕಲು ಬಂದ ಅಕ್ಕ ಅದನ್ನು ನೋಡಿ ಅಳುಮುಖ ಮಾಡಿದಳು.

“ಅಮ್ಮನ್ನ ನಮ್ಮನೆಗೆ ಕರ್ಕೊಂಡು ಹೋಗ್ತೀನೋ,” ಎಂದಳು. “ನಿಮ್ಮ ಭಾವ ಕೆಳಗಿನ ಕೋಣೆ ಸುಣ್ಣ ಬಳಿದು ಇಟ್ಟಿದಾರೆ. ಮೆಟ್ಟಿಲಿಲ್ಲ, ಕಿಟಕಿಯಿಂದ ಹಿತ್ತಿಲು ಕಾಣ್ಸುತ್ತೆ. ನಿನ್ನಲ್ಲಿ ಅವಳು ಒಂದು ನಿಮಿಷ ನೆಮ್ಮದಿಯಾಗಿ ಕೂರೋದನ್ನ ನಾನು ನೋಡಿಲ್ಲ.”

ಗಾಯದ ಮೇಲೆ ಉಪ್ಪು ಸುರಿದಳು. ಅಮ್ಮನ ಮಾತು, ಅಮ್ಮನ ನೋಟ, ಈಗ ಅಮ್ಮನೂ! ಒಂದೊಂದಾಗಿ ಎಲ್ಲ ಆ ಗೋಡೆ ದಾಟಿ ಹೋಗುತ್ತಿತ್ತು. ಅಮ್ಮನನ್ನೇ ಕೇಳಿದೆ. “ನಿನಗೂ ತೊಂದ್ರೆ ಬೇಡ ಕಣೋ, ಹೋಗ್ತೀನಿ,” ಅಂದಳು. ಭಾನುವಾರ ಎಂದು ಮಾತಾಯಿತು.

ಭಾನುವಾರದ ಹೊತ್ತಿಗೆ ನಾನು ಕೊನೆಯ ಕೈ ನೋಡುವುದೆಂದು ಹಠ ತೊಟ್ಟು ಇನ್ನೆರಡು ಬೋಗಿ ಜೋಡಿಸಿದೆ. ಮಧ್ಯಾಹ್ನ ಉಂಡು ಕೆಳಗಿಳಿದೆವು. ಅಮ್ಮನ ಪೆಟ್ಟಿಗೆ ಕಟ್ಟಿ ಬಾಗಿಲ ಬಳಿ ಇಟ್ಟಾಗಿತ್ತು. “ಒಂದು ಸಲ ನೋಡಿ ಹೋಗಮ್ಮ,” ಎಂದೆ. ಅವಳು ಕುರ್ಚಿಯ ಹಿಡಿಯ ಮೇಲೆ ಕೈಯೂರಿ, ನರಳಿಕೊಂಡೇ ಎದ್ದಳು. ನನ್ನ ರೈಲು ಮೆರವಣಿಗೆಯ ಹಾಗೆ ಅವಳ ಮುಂದೆ ಹಾದಿತು, ಕಿಟಕಿಯ ಗಾಜುಗಳೆಲ್ಲ ಬಿಸಿಲಿಗೆ ಮಿನುಗಿದವು. ಹಾದು ಹೋಯಿತು. ಅಮ್ಮ ಎತ್ತಿದ ಕೈ ಎತ್ತಿದ ಹಾಗೆಯೇ, ಗೋಡೆಯ ಕಡೆಗೆ ಕತ್ತು ತಿರುಗಿಸಿ ನಿಂತಳು. ಕಾಲು ನಡುಗುತ್ತಿತ್ತು.

ನನ್ನ ತಲೆ ಕೆಟ್ಟಿತು. “ಆ ಕಡೆ ಏನಮ್ಮ ನೋಡ್ತೀಯ? ಹೋಗು! ಅವನ ತಗಡೇ ನೋಡ್ಕೊಂಡು ಕೂತಿರು! ನಾನು ಏನು ಮಾಡಿದ್ರೂ ನಿನ್ನ ಕಣ್ಣಿಗೆ ಬೀಳಲ್ಲ. ಅವತ್ತೂ ಇಲ್ಲ, ಇವತ್ತೂ ಇಲ್ಲ!”

ನನ್ನ ಕೂಗಿಗೆ ಹೆಂಡತಿ ಬಾಗಿಲಿಗೆ ಬಂದಳು. ಅಮ್ಮ ಹೆದರಲಿಲ್ಲ, ಬೇಸರಿಸಲೂ ಇಲ್ಲ. ಗೇಟಿನ ಬಳಿ ಅವಸರ ಮಾಡುವ ಲಾರಿಯವರಿಗೆ ಹೇಳುತ್ತಿದ್ದ ದನಿಯಲ್ಲಿಯೇ ಹೇಳಿದಳು.

“ಕಿರುಚಬೇಡ. ಗಾಡಿ ಇನ್ನೂ ಪೂರ್ತಿ ಬಂದಿಲ್ಲ.”

“ಬಂತಲ್ಲಮ್ಮ! ಅಷ್ಟೂ ಬೋಗಿ ಹೋಯ್ತಲ್ಲ ನಿನ್ನ ಕಣ್ಣ ಮುಂದೆ!”

“ಕೊನೇ ಬೋಗಿ ಎಲ್ಲೋ ಬಂತು? ಹಿಂದೆ ಕೆಂಪೇ ಇಲ್ವಲ್ಲ. ಕೆಂಪು ಕಾಣ್ಲಿಲ್ಲ ಅಂದ್ರೆ ಗಾಡಿ ಮಧ್ಯೆ ಎಲ್ಲೋ ಕಳಚಿಕೊಂಡಿದೆ, ಉಳಿದಿದ್ದು ಹಿಂದೆ ಹಳಿ ಮೇಲೇ ನಿಂತಿದೆ ಅಂತ ಲೆಕ್ಕ. ಗೇಟು ಎತ್ತಿದ್ರೆ ಜನ ಸಾಯ್ತಾರೆ. ಕೆಂಪು ದಾಟೋವರೆಗೆ ಕಣ್ಣು ಆ ಕಡೆ ಈ ಕಡೆ ಹೋಗ್ಬಾರ್ದು, ಕೂರ್ಬಾರ್ದು.” ಅಮ್ಮ ಉಸಿರು ತೆಗೆದುಕೊಂಡಳು. “ನೀನು ವಾರ ವಾರಾನೂ ಒಂದೊಂದು ಸೇರಿಸ್ತಿದ್ದೆ. ಕೊನೇದು ಇನ್ನೂ ಮಾಡ್ತಿದ್ದೀಯ ಅಂದ್ಕೊಂಡಿದ್ದೆ.”

ಬಾಲ್ಯವೆಲ್ಲ ಆ ಹಳಿಯ ಪಕ್ಕದಲ್ಲಿ ಕಳೆದವನು ನಾನು. ಒಂದು ದಿನವೂ ರೈಲಿನ ಬಾಲ ನೋಡಿದವನಲ್ಲ. ನೋಡಿದ್ದೆಲ್ಲ ಅಮ್ಮನ ಮುಖ, ಅದು ಯಾವಾಗ ನನ್ನ ಕಡೆ ತಿರುಗೀತು ಎಂದು. ಅದನ್ನು ತಿರುಗಿಸುತ್ತಿದ್ದದ್ದು ಒಂದು ಕೆಂಪು ದೀಪ ಎಂದು ನನಗೆ ಯಾರು ಹೇಳಬೇಕಿತ್ತು? ಭಾವನಿಗಾದರೂ ಏನು ಗೊತ್ತಿತ್ತು? ಸೈಕಲ್ಲಿನವನು, ಅಭ್ಯಾಸದಂತೆ ತನ್ನ ಕೊನೆಯ ಡಬ್ಬಿಗೂ ಒಂದು ಬಿಲ್ಲೆ ಅಂಟಿಸಿದ್ದ, ಅಷ್ಟೆ. ಅದೇ ಅಭ್ಯಾಸದಲ್ಲಿ ನನಗೂ ಒಂದು ಕೊಟ್ಟಿದ್ದ.

“ಹಾಗೇ ಇರಮ್ಮ, ಕೊನೇದು ಬರುತ್ತೆ,” ಎಂದು ಒಳಗೆ ಓಡಿದೆ. ಮೊಳೆಯ ಡಬ್ಬಿಯನ್ನು ನೆಲದ ಮೇಲೆ ಬೋರಲು ಹಾಕಿದೆ. ಬೆರಳಿಗೆ ಮೊಳೆ ಚುಚ್ಚಿತು. ಸಿಕ್ಕಿತು. ಕನ್ನಡಿಯಂಥ ಆ ತೇಗದ ಬೆನ್ನಿಗೆ ನನ್ನ ಕೈಯಾರೆ ತೂತು ಕೊರೆದು, ಬಿಲ್ಲೆಯನ್ನು ತಿರುಪಿನಿಂದ ಬಿಗಿದೆ. ಪಾಲಿಶ್ ಸೀಳು ಬಿಟ್ಟಿತು, ಬಿಡಲಿ. ರೈಲನ್ನು ಗೋಡೆಯ ಬಳಿಗೆ ಒಯ್ದು ಮತ್ತೆ ಹೊರಡಿಸಿ, ಓಡಿ ಬಂದು ಅಮ್ಮನ ಪಕ್ಕ ನಿಂತೆ.

ಎಂಜಿನ್ನು ಹೋಯಿತು. ಬೋಗಿಗಳು ಒಂದೊಂದಾಗಿ ಹೋದವು. ಕಟ್ಟಿದವನಿಗೇ ಅವು ಯಾವಾಗ ಮುಗಿಯುತ್ತವೋ ಅನ್ನಿಸಿತು. ಕಡೆಗೆ ಆ ಕೆಂಪು ಬಿಸಿಲಲ್ಲಿ ಒಮ್ಮೆ ಹೊಳೆದು ಅಮ್ಮನ ಮುಂದೆ ದಾಟಿತು.

ಅಮ್ಮ ಕೈ ಇಳಿಸಿದಳು. ಭುಜ ಇಳಿಯಿತು. ತಲೆ ಬಗ್ಗಿಸಿ ತನ್ನ ಮೊಣಕಾಲ ಹತ್ತಿರ ನೋಡಿದಳು. ಅಲ್ಲಿ ಯಾರೂ ಇರಲಿಲ್ಲ. ಆಮೇಲೆ ಕಣ್ಣು ನಿಧಾನವಾಗಿ ಮೇಲೆ ಬಂದು ನನ್ನ ಮುಖ ಸೇರಿತು.

“ಹಸೀತೇನೋ?” ಅಂದಳು.

ಆಗ ತಾನೇ ಹೊಟ್ಟೆ ಬಿರಿಯ ಉಂಡಿದ್ದೆ. “ಹೂಂ ಅಮ್ಮ, ತುಂಬಾ,” ಎಂದೆ.

ಅಷ್ಟರಲ್ಲಿ ಅಕ್ಕನೂ ಭಾವನೂ ಬಂದರು. ಭಾವ ಬಗ್ಗಿ ಪೆಟ್ಟಿಗೆಯ ಹಿಡಿಗೆ ಕೈ ಹಾಕಿದ. “ನಡೀರಿ ಅತ್ತೆ.”

“ಅಲ್ಲಿಡಪ್ಪ ಅದನ್ನ,” ಎಂದಳು ಅಮ್ಮ, ಕುರ್ಚಿಯಲ್ಲಿ ಆರಾಮಾಗಿ ಕೂರುತ್ತ. “ಇವನಿನ್ನೂ ಉಂಡಿಲ್ಲ. ಇವನನ್ನ ಹೀಗೆ ಬಿಟ್ಟು ನಾನು ಎಲ್ಲಿಗೆ ಬರ್ಲಿ?”

ಅಕ್ಕ ನನ್ನ ಹೆಂಡತಿಯ ಮುಖ ನೋಡಿದಳು. ಬಡಿಸಿದವಳು ಹೆಂಡತಿಯೇ, ನಾನು ಎರಡೆರಡು ಸಲ ಕೇಳಿ ಹಾಕಿಸಿಕೊಂಡದ್ದು ಅವಳಿಗೆ ಗೊತ್ತು. ಅವಳು ಬಾಯಿ ತೆರೆದಳು. ನಾನು ಸತ್ತೆ ಅಂದುಕೊಂಡೆ.

“ಹೌದತ್ತಿಗೆ, ಉಂಡಿಲ್ಲ,” ಎಂದಳು. “ಬೆಳಿಗ್ಗೆಯಿಂದ ರೈಲು ರೈಲು ಅಂತ ಒದ್ದಾಡ್ತಾ ಇದಾರೆ. ಇನ್ನು ಆ ಮರದ ಕೋಣೆ ಬೇರೆ ಖಾಲಿ ಮಾಡ್ಬೇಕಂತೆ ಇವತ್ತು. ಅತ್ತೆ ಅಲ್ಲೇ ಇರ್ತಾರಂತೆ.” ನನ್ನ ಕಡೆ ತಿರುಗಿ, “ಅಲ್ವೇನ್ರೀ?” ಎಂದಳು.

“ಹೌದು ಹೌದು,” ಎಂದೆ.

ಭಾವ ಪೆಟ್ಟಿಗೆ ಬಿಟ್ಟು ನೆಟ್ಟಗಾದ. ನನ್ನ ಬೋಗಿಯ ಬೆನ್ನಿನ ಕೆಂಪು ಬಿಲ್ಲೆ ನೋಡಿದ, ಕುರ್ಚಿಯಲ್ಲಿ ಕೂತ ಅಮ್ಮನನ್ನು ನೋಡಿದ, ಆಮೇಲೆ ಹಲಗೆಯಾಚೆ ತಾನು ಸುಣ್ಣ ಬಳಿದ ಕೋಣೆ ಇರುವ ಕಡೆ ನೋಡಿದ. ಶಿಳ್ಳೆ ನಿಂತುಹೋಗಿತ್ತು. ಅವನ ಮುಖ ಸ್ವಲ್ಪ ಹುಳ್ಳಗಾಗಿತ್ತು. ಆ ಮುಖ ನನಗೆ ಚೆನ್ನಾಗಿ ಗೊತ್ತು, ದಿನಾ ಬೆಳಿಗ್ಗೆ ಗಡ್ಡ ಹೆರೆಯುವಾಗ ಅದನ್ನೇ ನೋಡುತ್ತಿದ್ದೆ. ಮೊದಲ ಸಲ ಅವನು ನನಗೆ ಸ್ವಂತದವನು ಅನ್ನಿಸಿದ.

“ನೀವೂ ಬನ್ನಿ ಭಾವ, ಒಂದು ತುತ್ತು ಉಣ್ಣಿ,” ಎಂದೆ.

ಹೆಂಡತಿ ತಟ್ಟೆ ಇಟ್ಟಳು, ಬೇಕೆಂದೇ ರಾಶಿ ಬಡಿಸಿದಳು. ಅಮ್ಮ ಎದುರಿಗೆ ಕೂತು, ನಾನು ಎತ್ತುವ ಒಂದೊಂದು ತುತ್ತನ್ನೂ ನೋಡುತ್ತಿದ್ದಳು. ನಾನು ಅಷ್ಟನ್ನೂ ಉಂಡೆ.